ಮೈಸೂರು–ಮಂಡ್ಯ ಸೀಮೆಯ ಹೊಲ, ಕೆರೆ, ಕಾಡುಗಳಲ್ಲಿ ಸಹಜೀವನ: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರು ಮತ್ತು ಮಂಡ್ಯ ಜಿಲ್ಲೆಗಳ ರೈತರು, ಪ್ರೌಢಶಾಲೆಯ ಶಿಕ್ಷಕರು ಮತ್ತು ಪದವಿಪೂರ್ವ ವಿದ್ಯಾರ್ಥಿಗಳು ಜೀವಿಗಳ ನಡುವಿನ ಸಹಜೀವನದ ಬಗ್ಗೆ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ಇಡಲಾಗಿದೆ. ಪಠ್ಯಪುಸ್ತಕಗಳು ಈ ವಿಷಯಕ್ಕೆ ಬಂದ ಕೂಡಲೇ ಹವಳದ ದಿಬ್ಬದ ಮೀನಿನ ಕಡೆಗೋ ಆಫ್ರಿಕಾದ ಖಡ್ಗಮೃಗದ ಕಡೆಗೋ ಹೊರಟುಬಿಡುತ್ತವೆ. ಅವರೆ ಗಿಡದ ಬೇರು, ಅತ್ತಿಯ ಕಾಯಿ, ಗೆದ್ದಲಿನ ಹುತ್ತ, ಹಸುವಿನ ಹೊಟ್ಟೆ ಕೈಗೆಟಕುವಷ್ಟು ಹತ್ತಿರದಲ್ಲಿರುವಾಗ ಅಷ್ಟು ದೂರ ಹೋಗುವ ಅಗತ್ಯವಿಲ್ಲವೆಂದು ತೋರಿದ್ದರಿಂದ ಉದಾಹರಣೆಗಳನ್ನು ಸಾಧ್ಯವಾದಷ್ಟೂ ಈ ಸೀಮೆಯಿಂದಲೇ ಆರಿಸಲಾಗಿದೆ.

ಸಹಜೀವನವೆಂದರೆ ಎರಡು ಜೀವಿಗಳಿಗೂ ಲಾಭವಾಗುವ ಸಂಬಂಧವೆಂದೇ ಅರ್ಥವೆ?

ಹಾಗೇನಿಲ್ಲ. ಜರ್ಮನಿಯ ಸಸ್ಯವಿಜ್ಞಾನಿ ಆಂಟನ್ ಡಿ ಬಾರಿ 1879ರಲ್ಲಿ ಈ ಪರಿಕಲ್ಪನೆಯನ್ನು ವಿವರಿಸಿದಾಗ, ಬೇರೆ ಬೇರೆ ಜಾತಿಯ ಜೀವಿಗಳು ಒಟ್ಟಿಗೆ ಬದುಕುವುದನ್ನಷ್ಟೇ ಸಹಜೀವನವೆಂದು ಕರೆದರು. ಅದರಲ್ಲಿ ಪರಾವಲಂಬಿಗಳೂ ಸೇರಿದ್ದವು. ಎರಡಕ್ಕೂ ಲಾಭವಿದ್ದರೆ ಅದು ಅನ್ಯೋನ್ಯ ಸಹಜೀವನ. ಒಂದಕ್ಕೆ ಲಾಭವಾಗಿ ಇನ್ನೊಂದಕ್ಕೆ ಹೇಳಿಕೊಳ್ಳುವಂಥ ಲಾಭವೂ ನಷ್ಟವೂ ಇಲ್ಲದಿದ್ದರೆ ಸಹಭೋಜಿತ್ವ. ಒಂದು ಉಂಡು ಇನ್ನೊಂದು ಸೊರಗಿದರೆ ಪರಾವಲಂಬನೆ. ಪರೀಕ್ಷೆಗೆ ಈ ಮೂರು ಕೋಣೆಗಳು ಸಾಕು. ಆದರೆ ಹೊಲದಲ್ಲಿ ನಿಂತು ನೋಡಿದರೆ ಒಂದೇ ಜೋಡಿಯ ಜೀವಿಗಳು ಮಣ್ಣು, ನೀರು, ಋತುಗಳಿಗೆ ತಕ್ಕಂತೆ ಒಂದು ಕೋಣೆಯಿಂದ ಇನ್ನೊಂದಕ್ಕೆ ದಾಟುವುದು ಕಾಣುತ್ತದೆ. ಮುಂದಿನ ಉತ್ತರಗಳಲ್ಲಿ ಇದಕ್ಕೆ ಹಲವು ನಿದರ್ಶನಗಳು ಸಿಗುತ್ತವೆ.

ಹಾಗಾದರೆ ಜೀವಿಗಳು ಬೇಕೆಂದೇ ಒಂದಕ್ಕೊಂದು ಸಹಾಯ ಮಾಡುತ್ತವೆಯೆ?

ನಮ್ಮ ಹಳ್ಳಿಗಳಲ್ಲಿ ನಾಟಿಯ ಕಾಲಕ್ಕೆ ಮುಯ್ಯಾಳು ಹೋಗುವ ಪದ್ಧತಿಯಿತ್ತು: ಇಂದು ನಿಮ್ಮ ಗದ್ದೆಗೆ ನಾವು ಬಂದರೆ ನಾಳೆ ನಮ್ಮ ಗದ್ದೆಗೆ ನೀವು ಬರಬೇಕು. ಅನ್ಯೋನ್ಯ ಸಹಜೀವನವೂ ಕೊಟ್ಟು ತೆಗೆದುಕೊಳ್ಳುವ ವ್ಯವಹಾರವೇ. ಆದರೆ ಮುಯ್ಯಾಳಿನ ಹಿಂದಿರುವ ನೆನಪು, ಮಾತು, ಮುಲಾಜು ಯಾವುದೂ ಅಲ್ಲಿಲ್ಲ. ದುಂಬಿಗೆ ಬೇಕಾದದ್ದು ಪರಾಗ, ಗಿಡಕ್ಕೆ ಬೇಕಾದದ್ದು ಬೀಜ. ತನ್ನ ಸ್ವಾರ್ಥವನ್ನು ಸಾಧಿಸಿಕೊಳ್ಳುವ ದಾರಿಯಲ್ಲೇ ಇನ್ನೊಂದಕ್ಕೆ ಅನುಕೂಲವಾದ ಜೋಡಿಗಳು ಲಕ್ಷಾಂತರ ವರ್ಷಗಳ ಕಾಲ ಉಳಿದುಬಂದಿವೆ. ಅಲ್ಲಿ ಮೋಸವೂ ಇದೆ, ಮೋಸಕ್ಕೆ ಶಿಕ್ಷೆಯೂ ಇದೆ.

ಅವರೆ, ಅಲಸಂದೆ ಗಿಡಗಳ ಬೇರಿನಲ್ಲಿರುವ ಗಂಟುಗಳು ರೋಗದ ಲಕ್ಷಣವೆ?

ಬಹುತೇಕ ಅಲ್ಲ. ಅವರೆ, ಅಲಸಂದೆ, ಹುರುಳಿ, ಹೆಸರು, ಉದ್ದು, ತೊಗರಿ ಮುಂತಾದ ದ್ವಿದಳ ಬೆಳೆಗಳ ಬೇರಿನ ಪಕ್ಕದಲ್ಲಿ ಅಂಟಿಕೊಂಡಂತಿರುವ ಸಣ್ಣ ಗುಂಡು ಗಂಟುಗಳು ರೈಜೋಬಿಯಂ ಗುಂಪಿನ ಬ್ಯಾಕ್ಟೀರಿಯಗಳ ಮನೆಗಳು. ಗಾಳಿಯಲ್ಲಿ ಶೇಕಡ 78ರಷ್ಟು ಸಾರಜನಕವಿದ್ದರೂ ಅದನ್ನು ನೇರವಾಗಿ ಬಳಸಿಕೊಳ್ಳುವ ಶಕ್ತಿ ಯಾವ ಗಿಡಕ್ಕೂ ಇಲ್ಲ. ಈ ಬ್ಯಾಕ್ಟೀರಿಯಗಳಿಗೆ ಆ ಶಕ್ತಿಯಿದೆ. ಅವು ಸಾರಜನಕವನ್ನು ಅಮೋನಿಯವಾಗಿಸಿ ಗಿಡಕ್ಕೆ ಕೊಡುತ್ತವೆ, ಗಿಡ ಎಲೆಯಲ್ಲಿ ತಯಾರಾದ ಸಕ್ಕರೆಯ ಅಂಶವನ್ನು ಅವಕ್ಕೆ ಕೊಡುತ್ತದೆ. ದ್ವಿದಳ ಗಿಡಗಳು ಗಾಳಿಯ ಸಾರಜನಕವನ್ನು ಪಡೆಯುವುದು ಈ ಗಂಟುಗಳ ಮೂಲಕವೇ ಎಂಬುದನ್ನು ಜರ್ಮನಿಯ ಹೆಲ್‌ರೀಗೆಲ್ ಮತ್ತು ವಿಲ್‌ಫಾರ್ತ್ 1880ರ ದಶಕದಲ್ಲಿ ತೋರಿಸಿದರು. 1888ರಲ್ಲಿ ನೆದರ್ಲೆಂಡ್ಸ್‌ನ ಬೈಯರಿಂಕ್ ಗಂಟಿನೊಳಗಿನ ಬ್ಯಾಕ್ಟೀರಿಯವನ್ನು ಬೇರ್ಪಡಿಸಿದರು.

ಈ ಸಂಬಂಧ ಕುದುರುವ ಬಗೆ ಸ್ವಾರಸ್ಯಕರವಾಗಿದೆ. ಮೊದಲು ಬೇರು ಕೆಲವು ರಾಸಾಯನಿಕಗಳನ್ನು ಮಣ್ಣಿಗೆ ಸ್ರವಿಸುತ್ತದೆ. ತನಗೆ ಹೊಂದುವ ಗಿಡದ ಸುಳಿವನ್ನು ಅದರಲ್ಲಿ ಗುರುತಿಸಿದ ಬ್ಯಾಕ್ಟೀರಿಯ ತನ್ನದೇ ಇನ್ನೊಂದು ರಾಸಾಯನಿಕದಿಂದ ಉತ್ತರಿಸುತ್ತದೆ. ಆಗ ಬೇರಿನ ಎಳೆರೋಮ ಬಾಗಿ ಸುರುಳಿಯಾಗಿ ಅದನ್ನು ಒಳಕ್ಕೆ ಬಿಟ್ಟುಕೊಳ್ಳುತ್ತದೆ. ಸಾರಜನಕವನ್ನು ಸ್ಥಿರೀಕರಿಸುವ ಕಿಣ್ವಕ್ಕೆ ಆಮ್ಲಜನಕ ಆಗದಿರುವುದರಿಂದ ಗಂಟಿನೊಳಗೆ, ನಮ್ಮ ರಕ್ತದ ಹಿಮೋಗ್ಲೋಬಿನ್‌ನ ಬಂಧುವಾದ ಲೆಗ್‌ಹಿಮೋಗ್ಲೋಬಿನ್ ಎಂಬ ಪ್ರೋಟೀನು ಆಮ್ಲಜನಕವನ್ನು ಹಿಡಿತದಲ್ಲಿಡುತ್ತದೆ. ಗಂಟನ್ನು ಉಗುರಿನಿಂದ ಸೀಳಿದಾಗ ಒಳಗೆ ನಸುಗೆಂಪು ಕಂಡರೆ ಕೆಲಸ ನಡೆಯುತ್ತಿದೆಯೆಂದೂ ಬಿಳಿ ಅಥವಾ ಹಸಿರಾಗಿದ್ದರೆ ನಡೆಯುತ್ತಿಲ್ಲವೆಂದೂ ತಿಳಿಯಬೇಕು. ಬೇರೇ ಉಬ್ಬಿಕೊಂಡು, ಗಂಟನ್ನು ಬಿಡಿಸಲು ಬಾರದಂತಿದ್ದರೆ ಅದು ಬೇರುಗಂಟು ಜಂತುಹುಳುವಿನ ಬಾಧೆ. ಟೊಮೊಟೊ, ಬದನೆಗಳಲ್ಲಿ ಕಾಣುವುದು ಈ ಎರಡನೆಯದು.

ಒಳಗೆ ಸೇರಿಕೊಂಡು ಸಕ್ಕರೆ ತಿಂದು ಸಾರಜನಕ ಕೊಡದ ಬ್ಯಾಕ್ಟೀರಿಯಗಳ ಗತಿಯೇನು? 2003ರಲ್ಲಿ ಪ್ರಕಟವಾದ ಸೋಯಾ ಅವರೆಯ ಪ್ರಯೋಗವೊಂದರಲ್ಲಿ, ಸಾರಜನಕ ಕೊಡಲಾರದಂತೆ ಮಾಡಿದ ಗಂಟುಗಳಿಗೆ ಗಿಡವು ಆಮ್ಲಜನಕದ ಪೂರೈಕೆಯನ್ನು ತಗ್ಗಿಸಿದ್ದು, ಅಲ್ಲಿನ ಬ್ಯಾಕ್ಟೀರಿಯಗಳ ಸಂತಾನ ಕುಗ್ಗಿದ್ದು ಕಂಡುಬಂತು.

ಯೂರಿಯಾ ಹಾಕಿದರೆ ಈ ಗಂಟುಗಳು ಕಡಿಮೆಯಾಗುವುದು ನಿಜವೆ?

ನಿಜ. ಮಣ್ಣಿನಲ್ಲೇ ಸಾರಜನಕ ಸುಲಭವಾಗಿ ಸಿಗುವಾಗ, ಸಕ್ಕರೆ ತೆತ್ತು ಅದನ್ನು ಕೊಳ್ಳುವುದು ಗಿಡಕ್ಕೆ ದುಬಾರಿ. ಹೀಗಾಗಿ ಅದು ಹೊಸ ಗಂಟುಗಳನ್ನು ಕಟ್ಟುವುದನ್ನೇ ತಗ್ಗಿಸುತ್ತದೆ. ದ್ವಿದಳ ಬೆಳೆಗೆ ಬಿತ್ತನೆಯ ಸಮಯದಲ್ಲಿ ಅಲ್ಪ ಪ್ರಮಾಣದ ಸಾರಜನಕವನ್ನಷ್ಟೇ ಕೊಡಬೇಕೆಂಬ ಶಿಫಾರಸಿನ ಹಿಂದಿರುವ ಕಾರಣ ಇದೇ.

ರಾಗಿ ಹೊಲದ ಅಕ್ಕಡಿ ಸಾಲಿನ ಬಗ್ಗೆಯೂ ಇಲ್ಲೊಂದು ಮಾತು ಹೇಳಬೇಕು. ಸಾಲಿನಲ್ಲಿರುವ ಅವರೆ, ತೊಗರಿಗಳು ಪಕ್ಕದ ರಾಗಿಗೆ ಅದೇ ಹಂಗಾಮಿನಲ್ಲಿ ಸಾರಜನಕವನ್ನು ಧಾರೆಯೆರೆಯುತ್ತವೆ ಎಂಬ ಮಾತು ಉತ್ಪ್ರೇಕ್ಷೆಯದು. ಅದರ ಬಹುಪಾಲು ಮಣ್ಣಿಗೆ ಸೇರುವುದು ಉದುರಿದ ಎಲೆ ಮತ್ತು ಉಳಿದ ಬೇರುಗಳು ಕೊಳೆತ ಮೇಲೆ, ಎಂದರೆ ಮುಂದಿನ ಬೆಳೆಗೆ. ಗಿಡವನ್ನು ಬುಡಸಮೇತ ಕಿತ್ತು ಹೊಲದಿಂದ ಸಾಗಿಸಿದರೆ ಆ ಲಾಭವೂ ಗಾಡಿಯೇರಿ ಹೋಗುತ್ತದೆ.

ರೈಜೋಬಿಯಂ ಪೊಟ್ಟಣವನ್ನು ಹೇಗೆ ಬಳಸಬೇಕು?

ಬೆಲ್ಲದ ಪಾಕವನ್ನು ಆರಿಸಿ, ಅದರಲ್ಲಿ ಪುಡಿಯನ್ನು ಕಲಸಿ, ಬೀಜಕ್ಕೆ ಲೇಪಿಸಿ, ನೆರಳಿನಲ್ಲಿ ಒಣಗಿಸಿ ಅಂದೇ ಬಿತ್ತಬೇಕು. 200 ಗ್ರಾಂ ಪೊಟ್ಟಣ ಸುಮಾರು 10 ಕೆ.ಜಿ. ಬೀಜಕ್ಕೆ ಸಾಕಾಗುತ್ತದೆ. ಪೊಟ್ಟಣದಲ್ಲಿರುವುದು ಜೀವಂತ ಬ್ಯಾಕ್ಟೀರಿಯವಾದ್ದರಿಂದ ಬಿಸಿಲಿನಲ್ಲಿಟ್ಟರೆ, ಬಿಸಿ ಪಾಕಕ್ಕೆ ಹಾಕಿದರೆ ಅಥವಾ ಶಿಲೀಂಧ್ರನಾಶಕದ ಜೊತೆ ಒಟ್ಟಿಗೇ ಕಲಸಿದರೆ ಉಳಿಯುವುದು ಬರಿಯ ಪುಡಿ. ಬೆಳೆಗೆ ತಕ್ಕ ತಳಿಯನ್ನೇ ಕೇಳಿ ಪಡೆಯಬೇಕು. ಕಡಲೆಗೆ ಹೊಂದುವುದು ಅಲಸಂದೆಗೆ ಹೊಂದುವುದಿಲ್ಲ.

ಬೇರಿನ ಜೊತೆ ಶಿಲೀಂಧ್ರವೂ ಬದುಕುತ್ತದೆಯಂತೆ. ಮರಗಳು ಅದರ ಮೂಲಕ ಮಾತಾಡುತ್ತವೆಯೆ?

ಮೊದಲ ಮಾತು ಖಚಿತ. ನೆಲದ ಮೇಲಿನ ಸಸ್ಯಜಾತಿಗಳಲ್ಲಿ ಬಹುಪಾಲು ತಮ್ಮ ಬೇರಿನೊಳಗೆ ಶಿಲೀಂಧ್ರಗಳಿಗೆ ಜಾಗ ಕೊಟ್ಟಿವೆ. ಇದಕ್ಕೆ ಮೈಕೊರೈಜಾ ಎಂದು 1885ರಲ್ಲಿ ಹೆಸರಿಟ್ಟವರು ಆಲ್ಬರ್ಟ್ ಫ್ರಾಂಕ್. ಬೇರಿನ ರೋಮ ಹೋಗಲಾರದ ಸಂದುಗಳಿಗೂ ಶಿಲೀಂಧ್ರದ ಎಳೆಗಳು ನುಗ್ಗಿ, ಮುಖ್ಯವಾಗಿ ರಂಜಕವನ್ನು ತಂದುಕೊಡುತ್ತವೆ; ಗಿಡ ತಾನು ತಯಾರಿಸಿದ ಆಹಾರದಲ್ಲಿ ಒಂದು ಪಾಲನ್ನು ಅದಕ್ಕೆ ಬಿಡುತ್ತದೆ. ಸುಮಾರು 40 ಕೋಟಿ ವರ್ಷ ಹಳೆಯ ಸಸ್ಯ ಪಳೆಯುಳಿಕೆಗಳಲ್ಲೂ ಇಂಥ ಶಿಲೀಂಧ್ರಗಳ ಗುರುತುಗಳು ಸಿಕ್ಕಿವೆ. ಕಬ್ಬು, ರಾಗಿ, ಬಾಳೆ, ತೆಂಗು ಎಲ್ಲದರಲ್ಲೂ ಈ ಸಂಬಂಧವಿದೆ. ಸಾಸಿವೆ, ಕೋಸುಗಳ ಕುಟುಂಬದಲ್ಲಿ ಸಾಮಾನ್ಯವಾಗಿ ಇಲ್ಲ. ರಂಜಕದ ಗೊಬ್ಬರವನ್ನು ಹೇರಳವಾಗಿ ಉಂಡ ಹೊಲದಲ್ಲಿ ಶಿಲೀಂಧ್ರ ಕೊಡುವುದಕ್ಕಿಂತ ತಿನ್ನುವುದೇ ಹೆಚ್ಚಾಗಿ, ಉಪಕಾರಿಯೆನಿಸಿದ್ದ ಅದೇ ಜೀವಿ ಗಿಡಕ್ಕೆ ಹೊರೆಯಾಗಬಹುದು.

ಎರಡನೆಯ ಮಾತನ್ನು ಅನುಮಾನದಿಂದ ಕೇಳುವುದು ಒಳ್ಳೆಯದು. ಕಾಡಿನ ಮರಗಳು ಶಿಲೀಂಧ್ರದ ಜಾಲದ ಮೂಲಕ ಸುದ್ದಿ ಕಳಿಸುತ್ತವೆ, ತಾಯಿಮರ ಮರಿಗಳಿಗೆ ಉಣಿಸುತ್ತದೆ ಎಂಬ ವರ್ಣನೆಗಳಿಗೆ ಕಾಡಿನಲ್ಲಿ ದೊರೆತ ಪುರಾವೆ ಸಾಲದೆಂದು 2023ರಲ್ಲಿ ಈ ಕ್ಷೇತ್ರದ ವಿಜ್ಞಾನಿಗಳೇ ಪ್ರಕಟಿಸಿದ ವಿಮರ್ಶೆಯೊಂದು ಹೇಳಿತು. ಕಥೆ ಚೆನ್ನಾಗಿದೆ ಎಂಬುದು ಅದನ್ನು ನಂಬಲು ಕಾರಣವಾಗಬಾರದು.

ಅಜೋಲ್ಲಾ ಯಾವ ಗುಂಪಿಗೆ ಸೇರುತ್ತದೆ?

ಅಜೋಲ್ಲಾ ನೀರಿನ ಮೇಲೆ ತೇಲುವ ಸಣ್ಣ ಜರೀಗಿಡ. ಅದರ ಎಲೆಯ ಪೊಟರೆಗಳಲ್ಲಿ ನೀಲಿಹಸಿರು ಪಾಚಿಯ ಗುಂಪಿನ ಅನಬೀನಾ ಎಂಬ ಬ್ಯಾಕ್ಟೀರಿಯ ವಾಸಿಸಿ ಸಾರಜನಕವನ್ನು ಸ್ಥಿರೀಕರಿಸುತ್ತದೆ. ರೈಜೋಬಿಯಂ ಪ್ರತಿ ತಲೆಮಾರಿನಲ್ಲೂ ಮಣ್ಣಿನಿಂದ ಹೊಸದಾಗಿ ಬರಬೇಕು. ಅನಬೀನಾ ಹಾಗಲ್ಲ, ತಾಯಿಗಿಡದ ಬೀಜಕಗಳ ಜೊತೆಯಲ್ಲೇ ಮುಂದಿನ ಪೀಳಿಗೆಗೆ ಸಾಗುತ್ತದೆ. ನಾಲೆಯ ಬಯಲಿನ ಭತ್ತದ ಗದ್ದೆಗೆ ಇದು ಗೊಬ್ಬರವೂ ಹೌದು, ಕೊಟ್ಟಿಗೆಯ ದನಗಳಿಗೆ ಮೇವೂ ಹೌದು.

ಅತ್ತಿಯ ಹಣ್ಣನ್ನು ಒಡೆದರೆ ಹುಳ ಏಕೆ ಇರುತ್ತದೆ?

ಹೊರಗೆ ಚೆಂದ, ಒಳಗೆ ಹುಳ ಎಂದು ಅತ್ತಿಹಣ್ಣನ್ನು ಹೀಗಳೆಯುವುದು ರೂಢಿ. ಜೀವಶಾಸ್ತ್ರದ ಕಣ್ಣಿನಿಂದ ನೋಡಿದರೆ ಇದು ಅನ್ಯಾಯ. ಆ ಹುಳ ಇಲ್ಲದಿದ್ದರೆ ಅತ್ತಿಯ ಮರವೇ ಇರುತ್ತಿರಲಿಲ್ಲ. ಅತ್ತಿ, ಆಲ, ಅರಳಿ, ಬಸರಿ, ಗೋಣಿ ಎಲ್ಲವೂ ಒಂದೇ ಕುಲದ ಮರಗಳು. ಅವುಗಳಲ್ಲಿ ನಾವು ಕಾಯಿ ಎನ್ನುವುದು ನಿಜವಾಗಿ ಒಳಮುಖವಾಗಿ ಮಡಿಸಿಕೊಂಡ ಹೂಗೊಂಚಲು. ನೂರಾರು ಸಣ್ಣ ಹೂಗಳು ಒಳಗೆ ಅಡಗಿರುತ್ತವೆ. ಬಾಗಿಲೆಂದರೆ ತುದಿಯಲ್ಲಿರುವ ಒಂದೇ ಒಂದು ಕಿರಿದಾದ ರಂಧ್ರ.

ಆ ರಂಧ್ರದಲ್ಲಿ ತೂರಬಲ್ಲದ್ದು ಒಂದೆರಡು ಮಿಲಿಮೀಟರಿನ ಕಣಜ. ಕಾಯಿಯ ವಾಸನೆಯ ಜಾಡು ಹಿಡಿದು ಬಂದ ಹೆಣ್ಣು ಕಣಜ ಒಳಗೆ ನುಸುಳುವಾಗ ಅದರ ರೆಕ್ಕೆಗಳು ಹರಿದುಹೋಗುತ್ತವೆ, ಎಂದರೆ ಅದಕ್ಕೆ ಹಿಂದಿರುಗುವ ದಾರಿಯಿಲ್ಲ. ತಾನು ಹುಟ್ಟಿದ ಕಾಯಿಯಿಂದ ತಂದ ಪರಾಗವನ್ನು ಹೂಗಳಿಗೆ ಸವರಿ, ಕೆಲವು ಹೂಗಳಲ್ಲಿ ಮೊಟ್ಟೆಯಿಟ್ಟು ಅಲ್ಲೇ ಸಾಯುತ್ತದೆ. ಮೊಟ್ಟೆ ಬಿದ್ದ ಹೂವಿನಲ್ಲಿ ಮರಿ ಬೆಳೆದರೆ, ಬೀಳದ ಹೂವಿನಲ್ಲಿ ಬೀಜ ಕಟ್ಟುತ್ತದೆ. ಮೊದಲು ಹೊರಬರುವ ರೆಕ್ಕೆಯಿಲ್ಲದ ಗಂಡುಗಳು ಹೆಣ್ಣುಗಳೊಡನೆ ಕೂಡಿ, ಕಾಯಿಯ ಗೋಡೆಯನ್ನು ಕೊರೆದು ದಾರಿ ಮಾಡಿ ಅಲ್ಲಿಗೇ ತಮ್ಮ ಆಯುಷ್ಯವನ್ನು ಮುಗಿಸುತ್ತವೆ. ಅಷ್ಟರಲ್ಲಿ ಗಂಡುಹೂಗಳು ಅರಳಿರುತ್ತವೆ. ಹೆಣ್ಣುಗಳು ಪರಾಗವನ್ನು ಹೊತ್ತು ಹೊರಗೆ ಹಾರುತ್ತವೆ. ಅವುಗಳ ಹೊರಗಿನ ಬದುಕು ಒಂದೆರಡು ದಿನ ಮಾತ್ರ. ಅಷ್ಟರೊಳಗೆ ಸರಿಯಾದ ಹಂತದಲ್ಲಿರುವ ಕಾಯಿಗಳುಳ್ಳ ಇನ್ನೊಂದು ಅತ್ತಿಮರ ಸಿಗಲೇಬೇಕು.

ಒಂದು ಮರ ಕಡಿದರೆ ಹೋಗುವುದು ಒಂದೇ ಮರವಲ್ಲ ಎಂಬುದು ಇದರಿಂದ ಅರ್ಥವಾಗುತ್ತದೆ. ಹೊಳೆದಂಡೆಯ ಅತ್ತಿಮರಗಳು, ಸಾಲುಮರಗಳಾಗಿ ನಿಂತ ಆಲ ಮತ್ತು ಗೋಣಿಮರಗಳು ವರ್ಷದ ಬೇರೆ ಬೇರೆ ಕಾಲದಲ್ಲಿ ಕಾಯಿ ಬಿಡುವುದರಿಂದಲೇ ಕಣಜದ ವಂಶ ಮುರಿಯದೆ ಸಾಗಿದೆ. ಇದರ ಮೇಲೆ ಬೆಳೆದ ಇನ್ನೊಂದು ಸಂಬಂಧವೂ ಇದೆ: ಕುಟ್ರುಹಕ್ಕಿ, ಕೋಗಿಲೆ, ಪಿಕಳಾರ, ಬಾವಲಿಗಳು ಹಣ್ಣನ್ನು ತಿಂದು ಬೀಜವನ್ನು ದೂರ ಒಯ್ಯುತ್ತವೆ. ಹಳೆಯ ಕಟ್ಟಡದ ಗೋಡೆಯಲ್ಲಿ ಅರಳಿ ಚಿಗುರುವುದು ಈ ಹಕ್ಕಿಗಳ ಕೃಪೆಯಿಂದ. ಪರಾಗ ತರದೆ, ಹೊರಗಿನಿಂದಲೇ ಕಾಯಿಯೊಳಕ್ಕೆ ಉದ್ದನೆಯ ಕೊಳವೆ ಚುಚ್ಚಿ ಮೊಟ್ಟೆಯಿಡುವ ಬೇರೆ ಜಾತಿಯ ಕಣಜಗಳೂ ಇವೆ; ಅವು ಈ ವ್ಯವಸ್ಥೆಯ ಬಿಟ್ಟಿ ಉಣ್ಣುವವರು.

ಅಂಗಡಿಯ ಅಂಜೂರದಲ್ಲೂ ಕಣಜ ಇರುತ್ತದೆಯೆ? ಸಸ್ಯಾಹಾರಿಗಳು ತಿನ್ನಬಹುದೆ?

ನಮ್ಮಲ್ಲಿ ವಾಣಿಜ್ಯವಾಗಿ ಬೆಳೆಯುವ ಪೂನಾ ಅಂಜೂರದಂಥ ತಳಿಗಳು ಪರಾಗಸ್ಪರ್ಶವಿಲ್ಲದೆಯೇ ಹಣ್ಣಾಗುತ್ತವೆ. ಅವಕ್ಕೆ ಕಣಜ ಬೇಡ. ಹೊರದೇಶದಿಂದ ಬರುವ ಒಣ ಅಂಜೂರದಲ್ಲಿ ಸ್ಮಿರ್ನಾ ಬಗೆಯದಿದ್ದರೆ ಅದಕ್ಕೆ ಕಣಜದ ಪರಾಗಸ್ಪರ್ಶ ಬೇಕು. ಉಳಿದದ್ದು ತಿನ್ನುವವರ ತೀರ್ಮಾನ.

ಮೈಸೂರಿನ ಈರನಗೆರೆ ಬದನೆಗೂ ಜೇನಿಗೂ ಏನು ಸಂಬಂಧ?

ಸಾಕುವ ಜೇನಿಗಿಂತ ಕಾಡುದುಂಬಿಗಳಿಗೆ ಅದು ಹೆಚ್ಚು ಋಣಿ. ಬದನೆ, ಟೊಮೊಟೊ ಹೂಗಳ ಪರಾಗಕೋಶ ಉದ್ದಕ್ಕೂ ಬಿರಿಯದೆ ತುದಿಯಲ್ಲಿ ಮಾತ್ರ ರಂಧ್ರ ಬಿಡುತ್ತದೆ. ನೀಲಿಪಟ್ಟೆಯ ದುಂಬಿ, ಮರ ಕೊರೆಯುವ ಕಪ್ಪು ದುಂಬಿಗಳು ಹೂವನ್ನು ಅಪ್ಪಿಕೊಂಡು, ರೆಕ್ಕೆಯ ಸ್ನಾಯುಗಳನ್ನು ಝೇಂಕರಿಸಿ ನಡುಗಿಸಿದಾಗ ಪರಾಗ ಉದುರುತ್ತದೆ. ತುಡುವೆ ಜೇನಿಗೆ ಈ ವಿದ್ಯೆ ಬಾರದು. ಬದನೆ ತನ್ನದೇ ಪರಾಗದಿಂದಲೂ ಕಾಯಿ ಕಟ್ಟುತ್ತದೆಯಾದರೂ ದುಂಬಿ ಬಂದರೆ ಇಳುವರಿ ಉತ್ತಮ. ಈ ದುಂಬಿಗಳು ಗೂಡು ಮಾಡುವುದು ಬದುವಿನ ಬರಿಮಣ್ಣಿನಲ್ಲಿ ಮತ್ತು ಒಣಮರದಲ್ಲಿ. ತೋಟವನ್ನು ತೀರ ಅಚ್ಚುಕಟ್ಟು ಮಾಡುವ ಹವ್ಯಾಸ ಅವಕ್ಕೆ ಅನುಕೂಲವಲ್ಲ.

ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರುವುದೂ ಸಹಜೀವನವೆ?

ಹೌದು, ಅದು ಸಹಭೋಜಿತ್ವಕ್ಕೆ ಹತ್ತಿರವಾದದ್ದು. ಹಾವಿಗೆ ತಂಪಾದ ಬಿಲ ಸಿಗುತ್ತದೆ, ಗೆದ್ದಲಿಗೆ ಹೆಚ್ಚಿನ ಲಾಭ ನಷ್ಟಗಳಿಲ್ಲ. ಆದರೆ ಹುತ್ತದ ನಿಜವಾದ ವಿಸ್ಮಯ ಹಾವಲ್ಲ, ಅಣಬೆ. ನಮ್ಮ ಸೀಮೆಯಲ್ಲಿ ಹುತ್ತ ಕಟ್ಟುವ ಗೆದ್ದಲುಗಳು ನೆಲದಡಿಯಲ್ಲಿ ಟರ್ಮಿಟೋಮೈಸಿಸ್ ಎಂಬ ಶಿಲೀಂಧ್ರವನ್ನು ಸಾಗುವಳಿ ಮಾಡುತ್ತವೆ. ಅರೆಜೀರ್ಣವಾದ ಮರದ ಚೂರು, ತರಗೆಲೆಗಳಿಂದ ಹೊರಬಿದ್ದ ಮಲವನ್ನು ಜೇನುಹಲ್ಲೆಯಂತೆ ಜೋಡಿಸಿ ಅದರ ಮೇಲೆ ಶಿಲೀಂಧ್ರ ಬೆಳೆಸುತ್ತವೆ. ಗೆದ್ದಲಿಗೆ ಕಷ್ಟವಾದ ಗಟ್ಟಿ ನಾರನ್ನು ಶಿಲೀಂಧ್ರ ಮೆತ್ತಗೆ ಮಾಡಿಕೊಡುತ್ತದೆ. ಗೆದ್ದಲು ಅದಕ್ಕೆ ಹದವಾದ ತೇವ, ಶಾಖಗಳನ್ನು ಒದಗಿಸಿ ಬೇರೆ ಬೂಷ್ಟುಗಳಿಂದ ಕಾಪಾಡುತ್ತದೆ. ಮುಂಗಾರು ಹಿಡಿದು ನೆಲ ನೆನೆದ ಮೇಲೆ ಹುತ್ತದ ಸುತ್ತ ರಾತ್ರೋರಾತ್ರಿ ಏಳುವ ಅಣಬೆಗಳು ಈ ಭೂಗತ ತೋಟದ ಫಲ. ಗೆದ್ದಲಿಲ್ಲದೆ ಇದು ಬೆಳೆಯದ ಕಾರಣ, ಇತರ ಅಣಬೆಗಳಂತೆ ಇದನ್ನು ಶೆಡ್ಡಿನಲ್ಲಿ ಬೆಳೆಯಲು ಆಗಿಲ್ಲ. ಮನೆಯ ಬಾಗಿಲುಚೌಕಟ್ಟಿಗೆ ಹತ್ತಿದ ಗೆದ್ದಲಿನ ಬಗ್ಗೆ ಇದೇ ಗೌರವ ಇಟ್ಟುಕೊಳ್ಳಬೇಕೆಂದು ಯಾರೂ ಒತ್ತಾಯಿಸುವುದಿಲ್ಲ.

ಅಡುಗೆಗೆ ಬಳಸುವ ಕಲ್ಲುಹೂವು ಹೂವೆ, ಪಾಚಿಯೆ?

ಎರಡೂ ಅಲ್ಲ. ಅದು ಶಿಲೀಂಧ್ರ ಮತ್ತು ಪಾಚಿ ಸೇರಿ ಕಟ್ಟಿದ ಒಂದು ಶರೀರ. ಹೊರಗಿನ ಚೌಕಟ್ಟನ್ನೂ ನೀರು ಹಿಡಿದಿಡುವ ಕೆಲಸವನ್ನೂ ಶಿಲೀಂಧ್ರ ನೋಡಿಕೊಂಡರೆ, ಬಿಸಿಲಿನಿಂದ ಆಹಾರ ತಯಾರಿಸುವುದು ಒಳಗಿರುವ ಪಾಚಿ. ಈ ಇಬ್ಬಗೆಯ ರಚನೆಯನ್ನು ಸ್ವಿಟ್ಜರ್ಲೆಂಡಿನ ಸೈಮನ್ ಶ್ವೆಂಡೆನರ್ 1860ರ ದಶಕದ ಕೊನೆಯಲ್ಲಿ ಹೇಳಿದಾಗ ಕಲ್ಲುಹೂವಿನ ತಜ್ಞರೇ ಅವರನ್ನು ಗೇಲಿ ಮಾಡಿದ್ದರು. 2016ರಲ್ಲಿ ಪ್ರಕಟವಾದ ಸಂಶೋಧನೆಯಲ್ಲಿ ಹಲವು ಕಲ್ಲುಹೂವುಗಳ ಹೊರಪದರದಲ್ಲಿ ಯೀಸ್ಟ್ ರೂಪದ ಇನ್ನೊಂದು ಶಿಲೀಂಧ್ರವೂ ಪತ್ತೆಯಾಗಿ, ಇಬ್ಬರ ಸಂಸಾರ ಮೂವರದಾಯಿತು. ಚಾಮುಂಡಿಬೆಟ್ಟದ ಬಂಡೆಗಳ ಮೇಲೆ ಬೂದು, ಹಳದಿ ಮಚ್ಚೆಗಳಂತೆ ಅಂಟಿರುವುದೂ ಇದೇ ಗುಂಪಿನವು. ಇವು ಬೆಳೆಯುವುದು ಅತಿ ನಿಧಾನವಾದ್ದರಿಂದ ಬಂಡೆಯ ಮೇಲೆ ಹೆಸರು ಕೆತ್ತುವವರು ಹಲವು ವರ್ಷಗಳ ಬೆಳವಣಿಗೆಯನ್ನು ಒಂದೇ ನಿಮಿಷದಲ್ಲಿ ಕೆರೆದು ಹಾಕುತ್ತಾರೆ.

ಹಸು ಒಣಹುಲ್ಲನ್ನು ಹೇಗೆ ಅರಗಿಸಿಕೊಳ್ಳುತ್ತದೆ? ಸಂಕ್ರಾಂತಿಯಂದು ಪೊಂಗಲ್ ತಿಂದು ಹಸು ಕಾಯಿಲೆ ಬೀಳುವುದೇಕೆ?

ಎರಡಕ್ಕೂ ಉತ್ತರ ಒಂದೇ. ಹುಲ್ಲಿನ ನಾರನ್ನು ಒಡೆಯುವ ಕಿಣ್ವವನ್ನು ಹಸು ತಾನಾಗಿ ತಯಾರಿಸಲಾರದು. ಅದರ ನಾಲ್ಕು ಕೋಣೆಯ ಹೊಟ್ಟೆಯಲ್ಲಿ ಎಲ್ಲಕ್ಕಿಂತ ದೊಡ್ಡದಾದ ಮೊದಲ ಚೀಲದಲ್ಲಿ ಬ್ಯಾಕ್ಟೀರಿಯ, ಏಕಕೋಶ ಜೀವಿ, ಶಿಲೀಂಧ್ರಗಳು ನಾರನ್ನು ಹುದುಗಿಸಿ ಹಸುವಿಗೆ ಬೇಕಾದ ಆಮ್ಲಗಳನ್ನು ಬಿಡುಗಡೆ ಮಾಡುತ್ತವೆ. ಮೆಲುಕು ಹಾಕುವುದು ಆ ಜೀವಿಗಳಿಗೆ ಮೇವನ್ನು ಇನ್ನಷ್ಟು ನುಣ್ಣಗೆ ಮಾಡಿಕೊಡುವ ಕೆಲಸ. ಬೆಳೆದ ಬ್ಯಾಕ್ಟೀರಿಯಗಳು ಮುಂದಿನ ಕೋಣೆಗಳಿಗೆ ಜಾರಿ ತಾವೇ ಜೀರ್ಣವಾಗುವುದರಿಂದ ಹಸುವಿನ ಪ್ರೋಟೀನಿನ ದೊಡ್ಡ ಪಾಲೂ ಅವುಗಳಿಂದಲೇ ಬರುತ್ತದೆ.

ಈ ಸೂಕ್ಷ್ಮಜೀವಿಗಳ ಸಂಸಾರ ಮೇವಿಗೆ ತಕ್ಕಂತೆ ನಿಧಾನವಾಗಿ ಹೊಂದಿಕೊಳ್ಳುತ್ತದೆ. ಕಿಚ್ಚು ಹಾಯಿಸುವ ಹಬ್ಬದಂದು ಪ್ರೀತಿಯಿಂದ ಬೋಗುಣಿಗಟ್ಟಲೆ ಅನ್ನ, ಪೊಂಗಲ್, ಬೆಲ್ಲ ತಿನ್ನಿಸಿದರೆ, ಪಿಷ್ಟವನ್ನು ಬೇಗ ಹುದುಗಿಸುವ ಬ್ಯಾಕ್ಟೀರಿಯಗಳು ಒಮ್ಮೆಲೇ ಹೆಚ್ಚಿ ಲ್ಯಾಕ್ಟಿಕ್ ಆಮ್ಲ ಉಕ್ಕುತ್ತದೆ. ನಾರು ಒಡೆಯುವವು ಸಾಯುತ್ತವೆ. ಹಸು ಮೆಲುಕು ನಿಲ್ಲಿಸಿ ಮಲಗಿಬಿಡುತ್ತದೆ, ತಡಮಾಡಿದರೆ ಪ್ರಾಣಾಪಾಯವೂ ಉಂಟು. ಪ್ರಸಾದವೆಂದು ಒಂದು ತುತ್ತು ಕೊಟ್ಟರೆ ತಪ್ಪಿಲ್ಲ. ಮೇವಿನ ಬದಲಿಗೆ ಅದನ್ನೇ ಕೊಡಬಾರದು. ಹಳ್ಳಿಕಾರ್ ಎತ್ತಿಗೂ ಬಂಡೂರು ಕುರಿಗೂ ಈ ಮಾತು ಸಮಾನವಾಗಿ ಅನ್ವಯಿಸುತ್ತದೆ.

ದನದ ಹಿಂದೆ ನಡೆಯುವ ಬೆಳ್ಳಕ್ಕಿಯಿಂದ ದನಕ್ಕೇನು ಪ್ರಯೋಜನ?

ಹೇಳಿಕೊಳ್ಳುವಂಥದ್ದೇನೂ ಇಲ್ಲ. ದನ ಹೆಜ್ಜೆಯಿಟ್ಟಾಗ ಹುಲ್ಲಿನಿಂದ ನೆಗೆಯುವ ಮಿಡತೆಗಳನ್ನು ಬೆಳ್ಳಕ್ಕಿ ಹಿಡಿಯುತ್ತದೆ. ಒಂಟಿಯಾಗಿ ಮೇಯುವುದಕ್ಕಿಂತ ಹೀಗೆ ಕಡಿಮೆ ಹೆಜ್ಜೆಗೆ ಹೆಚ್ಚು ಆಹಾರ ಸಿಗುವುದನ್ನು ಪಕ್ಷಿತಜ್ಞರು ಅಳೆದು ನೋಡಿದ್ದಾರೆ. ಎಮ್ಮೆಯ ಬೆನ್ನೇರುವ ಕಾಜಾಣವೂ ಇದೇ ಲೆಕ್ಕದಲ್ಲಿದೆ. ಈಗ ಗದ್ದೆ ಉಳುವ ಟ್ರ್ಯಾಕ್ಟರಿನ ಹಿಂದೆ ಬೆಳ್ಳಕ್ಕಿಗಳು ಸಾಲುಗಟ್ಟುವುದನ್ನು ನೋಡಿದರೆ, ಅವಕ್ಕೆ ಬೇಕಾದದ್ದು ದನವಲ್ಲ, ಹುಳ ಎಬ್ಬಿಸುವ ಯಾವುದೋ ಒಂದು ಎಂಬುದು ಸ್ಪಷ್ಟ.

ಕೋಗಿಲೆ ಕಾಗೆಗೆ ಮಾಡುವುದು ಶುದ್ಧ ಮೋಸವಲ್ಲವೆ?

ಪರಾವಲಂಬನೆ ಎಂಬುದರಲ್ಲಿ ಸಂಶಯವಿಲ್ಲ. ಗಂಡು ಕೋಗಿಲೆ ಕಾಗೆಗಳನ್ನು ಕೆಣಕಿ ಅತ್ತ ಸೆಳೆದಾಗ ಹೆಣ್ಣು ಬಂದು ಮೊಟ್ಟೆಯಿಡುತ್ತದೆ. ಕೋಗಿಲೆಯ ಮರಿ ಕಾಗೆಯ ಮರಿಗಿಂತ ಮೊದಲೇ ಹೊರಬಂದು ಹೆಚ್ಚಿನ ತುತ್ತು ಗಿಟ್ಟಿಸುತ್ತದೆ. ಆದರೆ ಯುರೋಪಿನ ಕೋಗಿಲೆಯ ಮರಿ ಉಳಿದವನ್ನು ಗೂಡಿನಿಂದ ಹೊರಗೆ ನೂಕುತ್ತದೆ; ನಮ್ಮ ಕೋಗಿಲೆಯ ಮರಿ ಸಾಮಾನ್ಯವಾಗಿ ಹಾಗೆ ಮಾಡುವುದಿಲ್ಲ. ಸ್ಪೇನಿನಲ್ಲಿ ಬೇರೊಂದು ಜಾತಿಯ ಕೋಗಿಲೆ ಮತ್ತು ಕಾಗೆಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಅಲ್ಲಿನ ಕೋಗಿಲೆ ಮರಿ ಸೂಸುವ ದುರ್ವಾಸನೆಯ ದ್ರವ ಬೇಟೆಗಾರ ಪ್ರಾಣಿಗಳನ್ನು ದೂರವಿಡುತ್ತದೆ. ಬೇಟೆಗಾರರ ಕಾಟ ಹೆಚ್ಚಿದ್ದ ವರ್ಷಗಳಲ್ಲಿ ಆ ಬಿಟ್ಟಿ ಅತಿಥಿಯಿದ್ದ ಗೂಡುಗಳೇ ಹೆಚ್ಚು ಉಳಿದವು.

ಶ್ರೀಗಂಧದ ಸಸಿಯನ್ನು ಒಂಟಿಯಾಗಿ ನೆಟ್ಟರೆ ಏಕೆ ಸೊರಗುತ್ತದೆ?

ಶ್ರೀಗಂಧ ಅರೆಪರಾವಲಂಬಿ. ಎಲೆ ಹಸಿರಾಗಿರುವುದರಿಂದ ಆಹಾರವನ್ನು ತಾನೇ ತಯಾರಿಸಿಕೊಳ್ಳುತ್ತದೆ, ಆದರೆ ನೀರು ಮತ್ತು ಲವಣಗಳಿಗಾಗಿ ತನ್ನ ಬೇರಿನ ಹೀರುಗೊಂಡಿಗಳನ್ನು ಪಕ್ಕದ ಗಿಡದ ಬೇರಿಗೆ ಚುಚ್ಚುತ್ತದೆ. ಮುನ್ನೂರಕ್ಕೂ ಹೆಚ್ಚು ಜಾತಿಯ ಸಸ್ಯಗಳು ಅದಕ್ಕೆ ಆಸರೆಯಾಗಬಲ್ಲವು. ಸಸಿಯ ಜೊತೆ ಕುಂಡದಲ್ಲೇ ತೊಗರಿ ಅಥವಾ ಹೊನಗೊನೆ, ಹೊಲಕ್ಕೆ ದಾಟಿಸಿದ ಮೇಲೆ ಹೊಂಗೆ, ಬೇವು, ಸರ್ವೆಯಂಥ ದೀರ್ಘಾಯುಷಿ ಮರಗಳನ್ನು ಜೊತೆಗಿಡಬೇಕು. ಆಸರೆಮರವಾಗಿ ಹೊಂಗೆ, ತೊಗರಿಗಳನ್ನು ಆರಿಸಿದರೆ ಅವುಗಳ ಬೇರಿನ ರೈಜೋಬಿಯಂ ಗಳಿಸಿದ ಸಾರಜನಕದಲ್ಲೂ ಶ್ರೀಗಂಧಕ್ಕೆ ಪಾಲು ಸಿಗುತ್ತದೆ.

1916ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆ ಆರಂಭವಾದಾಗ ಮರ ಬರುತ್ತಿದ್ದದ್ದು ಕಾಡಿನಿಂದ. 2001ರ ಕಾಯ್ದೆ ತಿದ್ದುಪಡಿಯ ನಂತರ ಜಮೀನಿನಲ್ಲಿ ಬೆಳೆದ ಮರದ ಒಡೆತನ ರೈತರಿಗೆ ಸಿಕ್ಕಿತು. ಹೀಗಾಗಿ ಆಸರೆಗಿಡದ ಪ್ರಶ್ನೆ ಈಗ ತೋಟ ಮಾಡುವವರ ಪ್ರಶ್ನೆಯಾಗಿದೆ. ಇಷ್ಟು ಸಾಲದೆಂಬಂತೆ ಈ ಪರಾವಲಂಬಿಗೂ ಒಂದು ಪರಾವಲಂಬಿಯಿದೆ: ಎಲೆ ಚಿಕ್ಕದಾಗಿ ಮರ ಒಣಗುವ ಸ್ಪೈಕ್ ರೋಗಕ್ಕೆ ಕಾರಣವಾದ, ಬ್ಯಾಕ್ಟೀರಿಯದ ಗುಂಪಿನ ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ. ಈ ರೋಗ ಮೊದಲು ವರದಿಯಾದದ್ದು 1899ರಲ್ಲಿ, ಕೊಡಗಿನಿಂದ.

ರೇಷ್ಮೆಯ ಊಜಿ ನೊಣವೂ ಪರಾವಲಂಬಿಯೆ?

ಅದನ್ನು ಹಂತಕ ಪರಾವಲಂಬಿ ಎನ್ನಬೇಕು, ಏಕೆಂದರೆ ಅದು ಆತಿಥೇಯವನ್ನು ಕೊಂದೇ ಮುಗಿಸುತ್ತದೆ. ಹುಳುವಿನ ಮೈಮೇಲಿಟ್ಟ ಮೊಟ್ಟೆಯಿಂದ ಬಂದ ಮರಿ ಒಳಕ್ಕೆ ಕೊರೆದು ಕಪ್ಪು ಕಲೆ ಉಳಿಸುತ್ತದೆ. 1980ರಲ್ಲಿ ಪಶ್ಚಿಮ ಬಂಗಾಳದಿಂದ ಕರ್ನಾಟಕಕ್ಕೆ ಬಂದ ಈ ಕೀಟದ ಕೋಶಗಳ ಮೇಲೆ ಮೊಟ್ಟೆಯಿಡುವ ನೆಸೋಲಿಂಕ್ಸ್ ಎಂಬ ಸಣ್ಣ ಕಣಜವನ್ನು ರೇಷ್ಮೆ ಬೆಳೆಗಾರರು ಬಳಸುತ್ತಾರೆ. ಹಿಪ್ಪುನೇರಳೆಯನ್ನು ಕಾಡಿದ ಪಪ್ಪಾಯಿ ಹಿಟ್ಟುತಿಗಣೆಯನ್ನೂ 2010ರಲ್ಲಿ ಪೋರ್ಟೊರಿಕೊದಿಂದ ತರಿಸಿದ ಅಸೆರೊಫೇಗಸ್ ಕಣಜವೇ ಹತೋಟಿಗೆ ತಂದಿತು. ಹಿಟ್ಟುತಿಗಣೆಯ ಸಿಹಿದ್ರವಕ್ಕಾಗಿ ಇರುವೆಗಳು ಅದನ್ನು ಕಾಯುತ್ತವೆ. ಕಾವಲಿನ ಇರುವೆ ಹೆಚ್ಚಿದ್ದರೆ ಉಪಕಾರಿ ಕಣಜಕ್ಕೆ ಕೆಲಸ ಕಷ್ಟ.

ಕೊಕ್ಕರೆ ಬೆಳ್ಳೂರಿನ ಜನ ಮತ್ತು ಹಕ್ಕಿಗಳ ಸಂಬಂಧವನ್ನು ಸಹಜೀವನವೆನ್ನಬಹುದೆ?

ಕಟ್ಟುನಿಟ್ಟಾಗಿ ನೋಡಿದರೆ ಇಬ್ಬರೂ ಇನ್ನೊಬ್ಬರಿಲ್ಲದೆ ಬದುಕಬಲ್ಲರು. ಆದರೂ ಕೊಡುಕೊಳ್ಳುವಿಕೆ ಇರುವುದರಿಂದ ಸಡಿಲವಾದ ಅನ್ಯೋನ್ಯ ಸಂಬಂಧವೆನ್ನಲು ಅಡ್ಡಿಯಿಲ್ಲ. ಮದ್ದೂರು ತಾಲ್ಲೂಕಿನ ಈ ಊರಿನ ಹುಣಸೆ, ಆಲ, ಅರಳಿ ಮರಗಳ ಮೇಲೆ, ಮನೆಗಳ ನಡುವೆಯೇ, ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಮನುಷ್ಯರ ಓಡಾಟವಿರುವೆಡೆ ಬೇಟೆಗಾರ ಪ್ರಾಣಿಗಳ ಕಾಟ ಕಡಿಮೆ. ಶಿಂಷಾ ಹೊಳೆಯಲ್ಲೂ ಸುತ್ತಲಿನ ಕೆರೆಗಳಲ್ಲೂ ತಿಂದ ಮೀನು ಹಿಕ್ಕೆಯಾಗಿ ಮರದ ಕೆಳಗೆ ಬೀಳುತ್ತದೆ. ಜನ ಅದನ್ನು ಮಣ್ಣಿನೊಡನೆ ಕೂಡಿಸಿ ಹೊಲಕ್ಕೆ ಗೊಬ್ಬರವಾಗಿ ಒಯ್ಯುತ್ತಾರೆ. ಗೂಡಿರುವ ಮರದ ಹುಣಸೆಯನ್ನು ಬಡಿಯದೆ ಬಿಡುವುದು ಅವರು ಕೊಡುವ ಬೆಲೆ; ಅದಕ್ಕೆ ಅರಣ್ಯ ಇಲಾಖೆಯ ಪರಿಹಾರವೂ ಇದೆ. 2007ರಲ್ಲಿ ಊರನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಲಾಯಿತು.

ಈ ಸಂಬಂಧವನ್ನು ಹೊಗಳುವ ಭರದಲ್ಲಿ ಅದರ ತೊಡಕನ್ನು ಮರೆಯಬಾರದು. ರಾಸಾಯನಿಕ ಗೊಬ್ಬರ ಸುಲಭವಾಗಿ ದೊರೆತ ಮೇಲೆ ಹಿಕ್ಕೆಯ ಬೆಲೆ ಇಳಿಯುತ್ತದೆ, ವಾಸನೆ ಮತ್ತು ಗದ್ದಲ ಮಾತ್ರ ಹಾಗೇ ಉಳಿಯುತ್ತವೆ. ಕೆರೆಗಳು ಕೆಟ್ಟರೆ ಹಕ್ಕಿಗಳಿಗೂ ಕೇಡು. 2017ರ ಕೊನೆಯಿಂದ ಇಲ್ಲಿ ಹೆಜ್ಜಾರ್ಲೆಗಳು ಸರಣಿಯಾಗಿ ಸತ್ತಾಗ ಅವುಗಳ ಹೊಟ್ಟೆಯಲ್ಲಿ ಮೀನಿನ ಮೂಲಕ ಸೇರುವ ಜಂತುಹುಳುಗಳ ಭಾರೀ ಸೋಂಕು ಕಂಡುಬಂದಿತ್ತು.

ರಂಗನತಿಟ್ಟಿನಲ್ಲಿ ಮೊಸಳೆಯ ಹಲ್ಲನ್ನು ಹಕ್ಕಿ ಶುಚಿ ಮಾಡುತ್ತದೆಯೆ?

ಇಲ್ಲ. ಮೊಸಳೆಯ ಬಾಯೊಳಗಿನ ಹಕ್ಕಿಯ ಕಥೆ ಗ್ರೀಕರ ಹೆರೊಡೋಟಸ್ ಈಜಿಪ್ಟಿನ ಬಗ್ಗೆ ಬರೆದದ್ದರಿಂದ ಬಂದಿದೆ. ಅದಕ್ಕೆ ನಂಬಬಹುದಾದ ಪುರಾವೆಯಿಲ್ಲ. 1940ರಲ್ಲಿ ಪಕ್ಷಿಧಾಮವಾಗಿ, 2022ರಲ್ಲಿ ರಾಮ್ಸರ್ ತಾಣವೂ (ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶ) ಆದ ರಂಗನತಿಟ್ಟಿನಲ್ಲಿ ಮೊಸಳೆಗಳು ಬಂಡೆಯ ಮೇಲೆ ಬಾಯ್ದೆರೆದು ಮಲಗುವುದು ಮೈಶಾಖವನ್ನು ಸರಿದೂಗಿಸಲು. ಅಮೆರಿಕದ ಫ್ಲಾರಿಡಾದಲ್ಲಿ ಮರದ ಮೇಲಿನ ನೀರುಹಕ್ಕಿಗಳಿಗೂ ಕೆಳಗಿನ ಅಲಿಗೇಟರುಗಳಿಗೂ ಅನುಕೂಲದ ಸಂಬಂಧವಿರುವುದು ಅಧ್ಯಯನಗಳಲ್ಲಿ ಕಂಡಿದೆ: ಅಲಿಗೇಟರು ಮರವೇರುವ ಪ್ರಾಣಿಗಳನ್ನು ತಡೆಯುತ್ತದೆ, ಗೂಡಿನಿಂದ ಬಿದ್ದ ಮರಿ ಅದಕ್ಕೆ ಕೂಲಿ.

ನಾಗರಹೊಳೆಯಲ್ಲಿ ಮುಸುವಗಳ ಕೆಳಗೆ ಜಿಂಕೆಗಳು ಸೇರುವುದೇಕೆ?

ಮುಸುವ ಕಿತ್ತು ಬಿಸಾಡಿದ ಎಲೆ, ಹಣ್ಣುಗಳಿಗಾಗಿ. ಹುಲಿ, ಚಿರತೆ ಬಂದರೆ ಮೇಲಿನಿಂದ ಮುಸುವ, ಕೆಳಗಿನಿಂದ ಜಿಂಕೆ ಎಚ್ಚರಿಕೆಯ ಕೂಗು ಹಾಕುತ್ತವೆ. ಒಂದರ ಕೂಗನ್ನು ಇನ್ನೊಂದು ಅರ್ಥ ಮಾಡಿಕೊಳ್ಳುತ್ತದೆ. ಇದೇ ಕಾಡಂಚಿನಲ್ಲಿ ಲಂಟಾನಾ ಹಬ್ಬಿರುವುದಕ್ಕೂ ಒಂದು ಸಹಜೀವನವೇ ಕಾರಣ: ಹೊರದೇಶದ ಆ ಪೊದೆಯ ಕಪ್ಪು ಹಣ್ಣನ್ನು ತಿಂದು ಬೀಜ ಹರಡುತ್ತಿರುವುದು ನಮ್ಮ ಪಿಕಳಾರಗಳೇ.

ಮಾವಿನ ಮರಕ್ಕೆ ಹತ್ತಿದ ಬದನಿಕೆಯನ್ನು ತೆಗೆಯಬೇಕೆ?

ತೋಟದ ಮರವಾದರೆ ತೆಗೆಯಬೇಕು. ಶ್ರೀಗಂಧ ಬೇರಿನಲ್ಲಿ ಮಾಡುವುದನ್ನು ಬದನಿಕೆ ಕೊಂಬೆಯಲ್ಲಿ ಮಾಡುತ್ತದೆ. ಹೆಚ್ಚಾದರೆ ಅಲ್ಲಿಂದ ಮುಂದಿನ ಕೊಂಬೆ ಒಣಗಿ ಫಸಲು ಇಳಿಯುತ್ತದೆ. ಅದರ ಅಂಟುಹಣ್ಣನ್ನು ನುಂಗುವ ಪುಟ್ಟ ಬದನಿಕೆ ಹಕ್ಕಿ, ಮೈಗಂಟುವ ಬೀಜವನ್ನು ಇನ್ನೊಂದು ಕೊಂಬೆಗೆ ಉಜ್ಜಿ ಅಂಟಿಸುತ್ತದೆ. ಹಾಗಾಗಿ ಹಣ್ಣಾಗುವ ಮೊದಲೇ ಕತ್ತರಿಸುವುದು ಉತ್ತಮ. ಬದನಿಕೆಯನ್ನಷ್ಟೇ ಸವರಿದರೆ ಕೊಂಬೆಯೊಳಗೆ ಉಳಿದ ಅಂಶ ಮತ್ತೆ ಚಿಗುರುತ್ತದೆ. ಅಂಟಿಕೊಂಡ ಜಾಗಕ್ಕಿಂತ ಒಂದು ಗೇಣು ಕೆಳಗೆ, ಕೊಂಬೆಯನ್ನೇ ಕತ್ತರಿಸಬೇಕು. ರಸ್ತೆ ಬದಿಯ ಹೊಂಗೆಯಲ್ಲೋ ಕಾಡುಮರದಲ್ಲೋ ಇದ್ದರೆ ಬಿಟ್ಟುಬಿಡುವುದೇ ಸರಿ. ಸೂರಕ್ಕಿಗಳು ಅದರ ಮಕರಂದಕ್ಕೆ ಬರುತ್ತವೆ, ರೆಕ್ಕೆಯಡಿ ಹಳದಿ ಕೆಂಪು ಬಳಿದಂತಿರುವ ಜೆಜೆಬೆಲ್ ಚಿಟ್ಟೆಯ ಕಂಬಳಿಹುಳು ಬೆಳೆಯುವುದು ಅದರ ಎಲೆ ತಿಂದು.